ಕೆಂಪು ದ್ರಾವಣ ನೀಲಿಯಾದರೆ: ಹೊದಿಕೆ ಹಾಕಿದ ಚಿನ್ನದ ನ್ಯಾನೊಕಣಗಳ ದೋಷ ನಿವಾರಣೆ ಕೈಪಿಡಿ

ಇಲ್ಲಿ ಹೇಳಿರುವುದೆಲ್ಲ ಮುಖ್ಯವಾಗಿ ಒಂದೇ ಪದಾರ್ಥದ ಬಗ್ಗೆ: ಸಿಟ್ರೇಟ್ ವಿಧಾನದಲ್ಲಿ ಮಾಡಿದ ಸುಮಾರು 13 ನ್ಯಾನೊಮೀಟರ್ ವ್ಯಾಸದ ಚಿನ್ನದ ಕಣಗಳು, ಅವುಗಳ ಮೇಲೆ ಒಂದು ತುದಿಯಲ್ಲಿ ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕ-ಹೈಡ್ರೋಜನ್ ಗುಂಪು) ಇರುವ ಪಾಲಿಎಥಿಲೀನ್ ಗ್ಲೈಕಾಲ್ ಹೊದಿಕೆ. ಲ್ಯಾಬಿನ ಮಾತಿನಲ್ಲಿ ಇದು ಪೆಗ್. ಸಿಲಿಕಾ ಹೊದಿಕೆ, ಬೆಳ್ಳಿಯ ಕಣ ಇವುಗಳ ವಿಚಾರ ಕೊನೆಗೆ ಸ್ವಲ್ಪ ಇದೆ.

ಕಣಗಳು ಬಿಡಿಬಿಡಿಯಾಗಿದ್ದರೆ ದ್ರಾವಣ ಕೆಂಪು, ಒಂದಕ್ಕೊಂದು ಅಂಟಿ ಗುಂಪುಗೂಡಿದರೆ ನೀಲಿ; ದ್ರಾವಣ ಒಡೆಯಿತು ಎನ್ನುವುದು ಇದಕ್ಕೇ. ಒಡೆದ ಕೂಡಲೇ ಎಲ್ಲರ ಬೆರಳು ಹೋಗುವುದು ಹೊದಿಕೆಯ ಕಡೆಗೆ. ಪೆಗ್ ಹಳೆಯದು, ಪೆಗ್ ಸರಿಯಿಲ್ಲ, ಬೇರೆ ತರಿಸೋಣ. ಅದು ನಿಜವೂ ಇರಬಹುದು. ಆದರೆ ತಪ್ಪು ಅದಕ್ಕಿಂತ ಬಹಳ ಮೊದಲೇ, ಪಾತ್ರೆ ತೊಳೆಯುವಾಗಲೋ ಚಿನ್ನದ ಲವಣ ತೂಗುವಾಗಲೋ ಆಗಿಹೋಗಿರುವುದೇ ಹೆಚ್ಚು. ಕೆಲವು ಸಲ ಕಣಗಳು ಚೆನ್ನಾಗಿಯೇ ಇದ್ದು, ಅಳೆದ ರೀತಿಯೇ ತಪ್ಪಿರುತ್ತದೆ. ಆದ್ದರಿಂದ ಹೊಸ ಬಾಟಲಿ ತರಿಸುವ ಮೊದಲು ಗೊತ್ತುಮಾಡಬೇಕಾದ್ದು ಒಂದೇ: ದೋಷ ಇರುವುದು ತಿರುಳಿನಲ್ಲೋ (ಅಂದರೆ ಒಳಗಿನ ಚಿನ್ನದ ಕಣದಲ್ಲೋ), ಹೊದಿಕೆಯಲ್ಲೋ, ಅಳತೆಯಲ್ಲೋ?

ಇದಕ್ಕೆ ಉತ್ತರ ಸಿಗಬೇಕಾದರೆ ನಾಲ್ಕು ಹಂತಗಳಲ್ಲಿ ಯುವಿ-ವಿಸ್ ಸ್ಪೆಕ್ಟ್ರಮ್ (ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂಬ ಗೆರೆ) ತೆಗೆದು ಉಳಿಸಿಕೊಂಡಿರಬೇಕು: ಸಂಶ್ಲೇಷಣೆ ಮುಗಿದು ತಣ್ಣಗಾದ ಮೇಲೆ, ಪೆಗ್ ಹಾಕಿದ ಮೇಲೆ, ಮೊದಲ ಸೆಂಟ್ರಿಫ್ಯೂಜ್ ಆದ ಮೇಲೆ, ಕೊನೆಯ ಬಫರಿಗೆ (ಪಿಎಚ್ ಕದಲದಂತೆ ಕಾಯುವ ದ್ರಾವಣಕ್ಕೆ) ಹೋದ ಮೇಲೆ. ಒಂದೊಂದಕ್ಕೆ ಎರಡು ನಿಮಿಷ ಸಾಕು. ಈ ನಾಲ್ಕು ಗೆರೆಗಳಿಲ್ಲದೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ.

ಸರಿಯಾದದ್ದು ಹೇಗಿರುತ್ತದೆ

ಹೋಲಿಸಿ ನೋಡಲು ಒಂದು ಸರಿಯಾದ ಬ್ಯಾಚಿನ ಲೆಕ್ಕ ಕೈಯಲ್ಲಿರಬೇಕು. 100 ಮಿ.ಲೀ. ನೀರಿನಲ್ಲಿ 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ, ಅಂದರೆ ಟ್ರೈಹೈಡ್ರೇಟ್ ರೂಪದಲ್ಲಿ 39.4 ಮಿ.ಗ್ರಾಂ. ಕಂಡೆನ್ಸರ್ ಹಾಕಿದ ದುಂಡು ತಳದ ಫ್ಲಾಸ್ಕಿನಲ್ಲಿ ಜೋರಾಗಿ ಕಲಕುತ್ತ ಕುದಿಯಲು ಬಿಡಿ. ಚೆನ್ನಾಗಿ ಕುದಿ ಬಂದ ಮೇಲೆ 38.8 ಮಿಲಿಮೋಲಾರ್ ಟ್ರೈಸೋಡಿಯಂ ಸಿಟ್ರೇಟ್ 10 ಮಿ.ಲೀ. ಒಂದೇ ಬಾರಿಗೆ ಸುರಿಯಿರಿ. ಇಷ್ಟರಲ್ಲಿರುವುದು 114 ಮಿ.ಗ್ರಾಂ ಡೈಹೈಡ್ರೇಟ್. 10 ನಿಮಿಷ ಕುದಿಸಿ, ಬಿಸಿ ಆರಿಸಿ, ಇನ್ನೂ 15 ನಿಮಿಷ ಕಲಕಿ.

ಸಿಟ್ರೇಟ್ ಬಿದ್ದ ಮೇಲೆ ಫ್ಲಾಸ್ಕಿನಿಂದ ಕಣ್ಣು ತೆಗೆಯಬೇಡಿ. ಹಳದಿ ಬಣ್ಣ ಕರಗಿ ದ್ರಾವಣ ನೀರಿನಂತೆ ತಿಳಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ತೆಳು ಬೂದು, ಆಮೇಲೆ ಶಾಯಿ ಬೆರೆಸಿದಂಥ ಕಡುನೀಲಿ. ಅಲ್ಲಿಂದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಕೊನೆಗೆ ಪುನರ್ಪುಳಿ ಶರಬತ್ತಿನ ಗಾಢ ಕೆಂಪಿಗೆ ಬಂದು ನಿಲ್ಲುತ್ತದೆ. ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ನಡುವಿನ ನೀಲಿ ಕಂಡು ಒಡೆದುಹೋಯಿತು ಎಂದು ಬಿಸಿ ಆರಿಸಿಬಿಟ್ಟರೆ ಒಳ್ಳೆಯ ಬ್ಯಾಚು ಹಾಳಾಗುತ್ತದೆ.

ತಣ್ಣಗಾದ ದ್ರಾವಣವನ್ನು ನಾಲ್ಕು ಪಟ್ಟು ತೆಳುಮಾಡಿ 1 ಸೆಂ.ಮೀ. ಕ್ಯುವೆಟ್‌ನಲ್ಲಿ ಅಳೆಯಿರಿ. ಹೀರಿಕೆಯ ಶಿಖರ 518ರಿಂದ 520 ನ್ಯಾನೊಮೀಟರಿನಲ್ಲಿ ಇರಬೇಕು. 400 ನ್ಯಾನೊಮೀಟರಿನ ಹೀರಿಕೆ ಒಟ್ಟು ಲೋಹ ಚಿನ್ನ ಎಷ್ಟಿದೆ ಎಂಬುದನ್ನು ಹೇಳುತ್ತದೆ, 0.5 ಮಿಲಿಮೋಲಾರ್ ಲೋಹಕ್ಕೆ ಸುಮಾರು 1.2. ನಮ್ಮ ದ್ರಾವಣದಲ್ಲಿರುವುದು 0.91 ಮಿಲಿಮೋಲಾರ್, ಹಾಗಾಗಿ ನಾಲ್ಕು ಪಟ್ಟು ತೆಳುಮಾಡಿದಾಗ 0.55ರ ಹತ್ತಿರ ಬರಬೇಕು. 650ರ ಹೀರಿಕೆಯನ್ನು 520ರ ಹೀರಿಕೆಯಿಂದ ಭಾಗಿಸಿದರೆ 0.1ರ ಆಸುಪಾಸು ಬರಬೇಕು. ಈ ಅನುಪಾತ 0.2 ದಾಟಿದರೆ ಕಣಗಳು ಗುಂಪುಗೂಡತೊಡಗಿವೆ ಎಂದು ತಿಳಿಯಿರಿ, ಕಣ್ಣಿಗೆ ಇನ್ನೂ ಕೆಂಪಾಗೇ ಕಂಡರೂ ಸರಿ. ಈ ಕೈಪಿಡಿಯಲ್ಲಿ ಮುಂದೆ ಬರೇ ‘ಅನುಪಾತ’ ಎಂದಿದ್ದರೆ ಅದು ಇದೇ.

ಕಣಗಳ ಸಾಂದ್ರತೆಯ ಲೆಕ್ಕವೂ ಬೇಕು. 13 ನ್ಯಾನೊಮೀಟರ್ ಗೋಳದಲ್ಲಿ ಸುಮಾರು 68,000 ಚಿನ್ನದ ಪರಮಾಣುಗಳಿರುತ್ತವೆ. 0.91 ಮಿಲಿಮೋಲಾರನ್ನು ಅದರಿಂದ ಭಾಗಿಸಿದರೆ ಕಣಗಳ ಸಾಂದ್ರತೆ ಸುಮಾರು 13 ನ್ಯಾನೊಮೋಲಾರ್. ಪೆಗ್ ಎಷ್ಟು ಹಾಕಬೇಕೆಂಬುದು ಇದರ ಮೇಲೇ ನಿಂತಿದೆ.

ತಿರುಳಿನ ದೋಷಗಳು

ಕೆಂಪು ಬರಲೇ ಇಲ್ಲ, ನೇರಳೆಯಲ್ಲೇ ನಿಂತಿತು ಎಂದರೆ ಮೊದಲ ಅನುಮಾನ ಪಾತ್ರೆಯ ಮೇಲೆ. ಹಿಂದಿನ ಬ್ಯಾಚಿನ ಚಿನ್ನ ಗಾಜಿನ ಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಿರುತ್ತದೆ. ಹೊಸ ಚಿನ್ನ ದ್ರಾವಣದಲ್ಲಿ ಹೊಸ ಕಣವಾಗುವ ಬದಲು ಆ ಹಳೆಯ ಬೀಜಗಳ ಮೇಲೆ ಕೂತು ಬೆಳೆಯುತ್ತದೆ. ಫಲ ಎಂದರೆ ದೊಡ್ಡ, ಅಡ್ಡಾದಿಡ್ಡಿ ಕಣಗಳು. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ತಳದಲ್ಲಿ ನಸುಗುಲಾಬಿ ಉಂಗುರವೋ ಕನ್ನಡಿಯಂಥ ಹೊಳಪೋ ಕಂಡರೆ ಇದೇ ಕಾರಣ. ಕಲಕುವ ಟೆಫ್ಲಾನ್ ಬಾರನ್ನು ಎಲ್ಲರೂ ಮರೆಯುತ್ತಾರೆ. ಅದರ ಗೀರುಗಳೊಳಗೆ ಚಿನ್ನ ಸೇರಿಕೊಂಡು ಬಾರು ಬೂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಈ ಕೆಲಸದಿಂದ ತೆಗೆದುಹಾಕಿ.

ತೊಳೆಯುವುದು ಅಕ್ವಾ ರೀಜಿಯಾದಲ್ಲಿ: ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು. ಫ್ಯೂಮ್ ಹುಡ್ ಒಳಗೆ, ಆ ಹೊತ್ತಿಗೆ ಬೇಕಾದಷ್ಟು ಮಾತ್ರ ಮಾಡಿಕೊಳ್ಳಿ. ಇದನ್ನು ಮುಚ್ಚಳ ಬಿಗಿದು ಇಡಬಾರದು, ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಅಸಿಟೋನ್ ಸೋಕಿದ ಪಾತ್ರೆಗೆ ಇದನ್ನು ಹಾಕಲೇಬಾರದು. ತೊಳೆದ ಮೇಲೆ ಶುದ್ಧ ನೀರಿನಲ್ಲಿ ಹತ್ತು ಸಲವಾದರೂ ಜಾಲಿಸಿ. ಆಮ್ಲ ಉಳಿದರೆ ಅದೂ ತೊಂದರೆಯೇ: ದ್ರಾವಣದ ಆಮ್ಲತೆ ಹೆಚ್ಚಿ ಸಿಟ್ರೇಟಿನ ಕೆಲಸ ಕೆಡುತ್ತದೆ.

ಎರಡನೆಯದು ನೀರು. 18.2 ಮೆಗಾಓಮ್‌ನ ಅತಿಶುದ್ಧ ನೀರೇ ಬೇಕು. ನಮ್ಮ ಕಡೆಯ ಲ್ಯಾಬುಗಳಲ್ಲಿ ಎಡವುವುದು ದ್ರಾವಣಕ್ಕೆ ಬಳಸುವ ನೀರಿನಲ್ಲಲ್ಲ, ಪಾತ್ರೆಯನ್ನು ಕೊನೆಯದಾಗಿ ಜಾಲಿಸಿದ ನೀರಿನಲ್ಲಿ. ಬೋರ್‌ವೆಲ್ ನೀರಿನ ಗಡಸುತನ ಗಾಜಿನ ಮೇಲೆ ಬಿಳಿ ಕಲೆಯಾಗಿ ಒಣಗಿರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಎರಡು ವಿದ್ಯುದಂಶದ ಅಯಾನು; ಕಣಗಳ ಮೇಲೆ ಕೂತು ಅವನ್ನು ದೂರ ಇಡುವ ಸಿಟ್ರೇಟಿನ ಋಣ ವಿದ್ಯುದಂಶವನ್ನು ಮುಚ್ಚಿಹಾಕುವುದರಲ್ಲಿ ಸೋಡಿಯಂಗಿಂತ ಎಷ್ಟೋ ಪಟ್ಟು ಬಲಶಾಲಿ. ಚೆಂದಾಗಿ ಕೆಂಪಾದ ದ್ರಾವಣ ಬೇರೆ ಬಾಟಲಿಗೆ ಸುರಿದ ಕೂಡಲೇ ನೇರಳೆಗೆ ತಿರುಗಿದರೆ ತಿರುಳಿನಲ್ಲಿ ದೋಷವಿಲ್ಲ, ಬಾಟಲಿ ನೋಡಿ.

ಮೂರನೆಯದು ಚಿನ್ನದ ಲವಣ. ಇದು ಗಾಳಿಯ ತೇವವನ್ನು ಎಳೆದುಕೊಂಡು ನೋಡನೋಡುತ್ತಿದ್ದಂತೆ ಅಂಟಂಟಾಗುತ್ತದೆ. ಮಳೆಗಾಲದಲ್ಲಿ 39 ಮಿ.ಗ್ರಾಂ ತೂಗಲು ಕೂತರೆ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಸ್ಟೀಲ್ ಚಮಚದಲ್ಲಿ ತೆಗೆದರೆ ಇನ್ನೂ ಕೆಟ್ಟದು: ಚಿನ್ನ ಅಲ್ಲೇ ಉಕ್ಕಿನ ಮೇಲೆ ಕೂತು, ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ಸರಿಯಾದ ದಾರಿ ಎಂದರೆ 1 ಗ್ರಾಂ ಸೀಸೆಯನ್ನು ತೂಗದೆ, ಇಡಿಯಾಗಿ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡುವುದು. ಅದು 25.4 ಮಿಲಿಮೋಲಾರ್ ಸ್ಟಾಕ್. ಮೇಲಿನ ಬ್ಯಾಚಿಗೆ 3.94 ಮಿ.ಲೀ. ಸಾಕು. ಕಂದು ಗಾಜಿನಲ್ಲಿ, ಫ್ರಿಜ್ಜಿನಲ್ಲಿ ಇಡಿ. 400 ನ್ಯಾನೊಮೀಟರಿನ ಹೀರಿಕೆ 0.55 ಬರುವಲ್ಲಿ 0.45 ಬಂದರೆ ಒಂದೋ ಚಿನ್ನ ಕಡಿಮೆ ಬಿದ್ದಿದೆ, ಇಲ್ಲವೇ ಪೂರ್ತಿ ಅಪಕರ್ಷಣೆ (ಲವಣ ಲೋಹವಾಗುವುದು) ಆಗಿಲ್ಲ. ಇನ್ನೂ 10 ನಿಮಿಷ ಕುದಿಸಿ ನೋಡಿ. ಅಂಕಿ ಮೇಲೇರಿದರೆ ಎರಡನೆಯದು ಕಾರಣ, ಕದಲದಿದ್ದರೆ ಮೊದಲನೆಯದು.

ಸಿಟ್ರೇಟ್ ಬಾಟಲಿಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿ. ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟಿನ ಅಣುತೂಕ 294.1. ಪಕ್ಕದಲ್ಲೇ ಮೋನೋಸೋಡಿಯಂ ಸಿಟ್ರೇಟೋ ಸಿಟ್ರಿಕ್ ಆಮ್ಲವೋ ಇರುತ್ತದೆ, ಬಿಳಿ ಪುಡಿ ಎಲ್ಲ ಒಂದೇ ಥರ. ಆಮ್ಲೀಯ ರೂಪ ಹಾಕಿದರೆ ದ್ರಾವಣ ಬೂದುನೇರಳೆಯಾಗಿ, ಅಗಲ ಶಿಖರದೊಂದಿಗೆ ನಿಲ್ಲುತ್ತದೆ. ಸಿಟ್ರೇಟ್ ದ್ರಾವಣವನ್ನು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಬಾಟಲಿಯನ್ನು ತಿರುಗಿಸಿ ನೋಡಿದರೆ ತಳದಲ್ಲಿ ಹತ್ತಿಯ ಎಳೆಯಂಥದ್ದು ತೇಲುವುದು ಕಾಣುತ್ತದೆ. ಅಂದಂದಿನ ಕೆಲಸಕ್ಕೆ ಅಂದೇ ಕರಗಿಸಿಕೊಳ್ಳಿ.

ಸಿಟ್ರೇಟನ್ನು ಹನಿಹನಿಯಾಗಿ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಜಾಗ್ರತೆಯಿಂದ ಮಾಡಿದಂತೆ ಕಾಣುತ್ತದೆ, ಆದರೆ ಮೊದಲ ಹನಿಗೆ ಹುಟ್ಟಿದ ಕಣ ಕೊನೆಯ ಹನಿ ಬೀಳುವಷ್ಟರಲ್ಲಿ ದೊಡ್ಡದಾಗಿ ಗಾತ್ರ ಹರಡಿಹೋಗುತ್ತದೆ. ತಣ್ಣನೆಯ ಸಿಟ್ರೇಟ್ ಸುರಿದಾಗ ಕುದಿ ನಿಂತುಹೋಗುವುದಾದರೆ ಅದನ್ನೂ ಮೊದಲೇ ಬಿಸಿ ಮಾಡಿಕೊಳ್ಳಿ. ತೆರೆದ ಬೀಕರಿನಲ್ಲಿ ಕುದಿಸಿದರೆ ನೀರು ಆವಿಯಾಗಿ ಸಾಂದ್ರತೆಯ ಲೆಕ್ಕವೆಲ್ಲ ತಪ್ಪುತ್ತದೆ, ಗೋಡೆಯ ಮೇಲೆ ಒಣಗಿದ ಚಿನ್ನ ಮತ್ತೆ ಒಳಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 97 °ಸೆ.ನಲ್ಲಿ. ಥರ್ಮಾಮೀಟರ್ 100 ತೋರಿಸಲಿ ಎಂದು ಕಾಯುತ್ತ ಕೂರಬೇಡಿ, ಕುದಿ ನೋಡಿ.

ಬೇಕೆಂದೇ ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆ. ಫ್ರೆನ್ಸ್ ಎಂಬ ಸಂಶೋಧಕ 1973ರಲ್ಲಿ ತೋರಿಸಿದ್ದು ಇದನ್ನೇ: 50 ಮಿ.ಲೀ. 0.01% ಚಿನ್ನದ ದ್ರಾವಣಕ್ಕೆ 1% ಸಿಟ್ರೇಟ್ 1 ಮಿ.ಲೀ. ಹಾಕಿದರೆ 16 ನ್ಯಾನೊಮೀಟರ್, ಅರ್ಧ ಮಿ.ಲೀ. ಹಾಕಿದರೆ 41. ಗೊತ್ತಿಲ್ಲದೆ ಕಡಿಮೆ ಹಾಕಿದರೂ ಇದೇ ಆಗುತ್ತದೆ. ಶಿಖರ 520 ಬಿಟ್ಟು 530ರ ಹತ್ತಿರ ಹೋಗಿ, ಅನುಪಾತ ಮಾತ್ರ ಕಡಿಮೆಯೇ ಇದ್ದರೆ ಕಣಗಳು ಒಡೆದಿಲ್ಲ, ದೊಡ್ಡದಾಗಿವೆ. ಗುಂಪುಗೂಡಿದ್ದರೆ 600ರ ಆಚೆ ಭುಜದಂತೆ ಉಬ್ಬು ಏಳುತ್ತದೆ. ಈ ಎರಡನ್ನು ಬೇರೆಬೇರೆಯಾಗಿ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಹೊದಿಕೆ ಹಾಕುವಾಗ

ಲೆಕ್ಕದಿಂದ ಶುರುಮಾಡೋಣ. 13 ನ್ಯಾನೊಮೀಟರ್ ಕಣದ ಮೇಲ್ಮೈ 531 ಚದರ ನ್ಯಾನೊಮೀಟರ್. 5,000 ಅಣುತೂಕದ ಮೀಥಾಕ್ಸಿ-ಪೆಗ್-ಥಯಾಲನ್ನು ಚದರ ನ್ಯಾನೊಮೀಟರಿಗೆ 10 ಸರಪಳಿಯಂತೆ ಕೊಟ್ಟರೆ ಧಾರಾಳವಾಯಿತು. ಕೂರುವುದು ಅದರ ಒಂದು ಪಾಲು ಮಾತ್ರ, ಉಳಿದದ್ದನ್ನು ತೊಳೆದು ತೆಗೆಯುತ್ತೇವೆ. 13 ನ್ಯಾನೊಮೋಲಾರ್ ದ್ರಾವಣ 10 ಮಿ.ಲೀ.ಗೆ ಇದು ಸುಮಾರು 3.6 ಮಿ.ಗ್ರಾಂ. ಅದನ್ನು ಅರ್ಧ ಮಿ.ಲೀ. ನೀರಿನಲ್ಲಿ ಕರಗಿಸಿ, ಕಲಕುತ್ತಿರುವ ದ್ರಾವಣಕ್ಕೆ ಒಮ್ಮೆಗೇ ಸುರಿದು ರಾತ್ರಿಯಿಡೀ ಬಿಡಿ. ಶಿಖರ 2ರಿಂದ 4 ನ್ಯಾನೊಮೀಟರ್ ಕೆಂಪಿನ ಕಡೆ ಸರಿಯಬೇಕು, ಅನುಪಾತ ಅಲುಗಬಾರದು. ಶಿಖರ ಒಂದಿಷ್ಟೂ ಸರಿಯದಿದ್ದರೆ ಹೊದಿಕೆ ಕೂತಿಲ್ಲವೆಂಬ ಅನುಮಾನಕ್ಕೆ ಎಡೆಯಿದೆ.

ಅನುಮಾನ ತೀರಿಸಲು ಉಪ್ಪಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಕೆಂಪು ಚಿನ್ನಕ್ಕೆ ಉಪ್ಪು ಬಿದ್ದರೆ ನೀಲಿಯಾಗುತ್ತದೆಂದು ಫ್ಯಾರಡೆ 1857ರಲ್ಲೇ ಬರೆದಿಟ್ಟಿದ್ದಾನೆ. ರಸಾಯನಶಾಸ್ತ್ರಜ್ಞ ಜಿಗ್ಮಂಡಿ ಅದನ್ನೇ ಅಳತೆಗೋಲು ಮಾಡಿಕೊಂಡ: 10 ಮಿ.ಲೀ. ಚಿನ್ನದ ದ್ರಾವಣಕ್ಕೆ 10% ಉಪ್ಪುನೀರು 1 ಮಿ.ಲೀ. ಹಾಕಿದಾಗ ಬಣ್ಣ ಕೆಡದಂತೆ ಕಾಯಲು ಎಷ್ಟು ಮಿ.ಗ್ರಾಂ ಜೆಲಟಿನ್ ಅಥವಾ ಗೋಂದು ಬೇಕು ಎಂದು ಅಳೆದು, ಆ ಅಂಕಿಗೆ ಚಿನ್ನದ ಸಂಖ್ಯೆ ಎಂದು ಹೆಸರಿಟ್ಟ. ಇವತ್ತಿನ ಪೆಗ್ಗಿಗೂ ಅದೇ ವಿಧಾನ ಒಪ್ಪುತ್ತದೆ.

ಆರು ಕೊಳವೆಗಳಲ್ಲಿ ತಲಾ 1 ಮಿ.ಲೀ. ಸಿಟ್ರೇಟ್ ಚಿನ್ನ ತೆಗೆದುಕೊಳ್ಳಿ. ಪೆಗ್ ಕ್ರಮವಾಗಿ 0, 45, 90, 180, 360, 720 ಮೈಕ್ರೋಗ್ರಾಂ ಹಾಕಿ. ಎಲ್ಲಕ್ಕೂ ಒಂದೇ ಗಾತ್ರ ಬರುವಂತೆ ನೀರು ತುಂಬಿ ಎರಡು ಗಂಟೆ ಬಿಡಿ. ಆಮೇಲೆ ಒಂದೊಂದಕ್ಕೂ 100 ಮೈಕ್ರೋಲೀಟರ್ 10% ಉಪ್ಪುನೀರು. ಪೆಗ್ ಇಲ್ಲದ ಕೊಳವೆ ಕಣ್ಣೆದುರೇ ನೀಲಿಯಾಗಬೇಕು. ಆಗದಿದ್ದರೆ ನಿಮ್ಮ ಉಪ್ಪುನೀರೇ ಸರಿಯಿಲ್ಲ. ನೀಲಿ ಮುಗಿದು ಕೆಂಪು ಶುರುವಾಗುವ ಕೊಳವೆ ನಿಮ್ಮ ಪೆಗ್ ಬಾಟಲಿಯ ಬಲವನ್ನು ಹೇಳುತ್ತದೆ. 720 ಹಾಕಿದ ಕೊಳವೆಯೂ ನೀಲಿಯಾದರೆ, ಈಗ ಧೈರ್ಯವಾಗಿ ಹೇಳಬಹುದು: ದೋಷ ಪೆಗ್ಗಿನದೇ.

ಪೆಗ್ ಕೆಡುವುದು ಹೇಗೆ? ಗಾಳಿಯ ಆಮ್ಲಜನಕದಿಂದ ಎರಡು ಥಯಾಲುಗಳು ಸೇರಿ ಡೈಸಲ್ಫೈಡ್ ಆಗುತ್ತವೆ. ಡೈಸಲ್ಫೈಡೂ ಚಿನ್ನಕ್ಕೆ ಅಂಟುತ್ತದೆ, ಆದರೆ ನಿಧಾನವಾಗಿ, ವಿರಳವಾಗಿ. ಇದಕ್ಕೆ ಕಾರಣ ಬಹುಪಾಲು ಮೈನಸ್ 20 °ಸೆ.ನಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆಯುವುದು. ಒಳಗೆ ತೇವ ಕೂತು ಪುಡಿ ಮುದ್ದೆಯಾಗುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೇ ಮುಚ್ಚಳ ತೆಗೆಯಿರಿ, ಸಣ್ಣ ಸೀಸೆಗಳಿಗೆ ಹಂಚಿ ನೈಟ್ರೋಜನ್ ತುಂಬಿಡಿ. ನೀರಿನಲ್ಲಿ ಕರಗಿಸಿದ ಪೆಗ್ಗನ್ನು ನಾಳೆಗೆಂದು ಉಳಿಸಬೇಡಿ. ಎಲ್‌ಮನ್ ಪರೀಕ್ಷೆಯಲ್ಲಿ 412 ನ್ಯಾನೊಮೀಟರಿನ ಹಳದಿಯನ್ನು ಅಳೆದರೆ ಸ್ವತಂತ್ರ ಥಯಾಲ್ ಎಷ್ಟು ಉಳಿದಿದೆ ಎಂಬುದು ಅಂಕಿಯಲ್ಲೇ ಸಿಗುತ್ತದೆ. ಡೈಸಲ್ಫೈಡನ್ನು ಮುರಿಯಲು ಡಿಟಿಟಿ (ಡೈಥಯೋಥ್ರೈಟಾಲ್) ಬಳಸಿದರೆ ಅದನ್ನು ಪೂರ್ತಿ ತೆಗೆದುಹಾಕಲೇಬೇಕು, ಏಕೆಂದರೆ ಅದೂ ಥಯಾಲೇ. ಪೆಗ್ಗಿಗಿಂತ ಮೊದಲು ಹೋಗಿ ಚಿನ್ನದ ಮೇಲೆ ಕೂರುತ್ತದೆ.

ಪೆಗ್ ಬದಲು ಮರ್ಕ್ಯಾಪ್ಟೋಪ್ರೊಪಿಯೋನಿಕ್ ಆಮ್ಲದಂಥ ಚಿಕ್ಕ ಥಯಾಲ್ ಹಾಕುವವರಿಗೆ ಕಾಡುವ ದೋಷ ಬೇರೆ. ಹಾಕಿದ ಗಳಿಗೆಯಲ್ಲೇ ದ್ರಾವಣ ಹಾಲು ಒಡೆದಂತೆ ಒಡೆಯುತ್ತದೆ. ಥಯಾಲ್ ಬಂದು ಸಿಟ್ರೇಟನ್ನು ಹೊರದೂಡಿತು, ಆದರೆ ಆಮ್ಲೀಯ ದ್ರಾವಣದಲ್ಲಿ ಅದರ ಕಾರ್ಬಾಕ್ಸಿಲ್ ತುದಿಗೆ ವಿದ್ಯುದಂಶವಿಲ್ಲ, ಕಣಗಳನ್ನು ದೂರ ಇಡುವವರು ಯಾರೂ ಇಲ್ಲ. ಥಯಾಲ್ ದ್ರಾವಣವನ್ನೂ ಚಿನ್ನದ ದ್ರಾವಣವನ್ನೂ ಮೊದಲು ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 9ರ ಮೇಲಕ್ಕೆ ತನ್ನಿ, ಆಮೇಲೆ ಸೇರಿಸಿ. ಅಷ್ಟಕ್ಕೂ ನಿಲ್ಲದಿದ್ದರೆ ಮೊದಲು ಸ್ವಲ್ಪ ಟ್ವೀನ್ 20 (ಸೋಪಿನಂಥ ಪದಾರ್ಥ) ಹಾಕಿ ಕಣಗಳಿಗೆ ಆಸರೆ ಕೊಟ್ಟು, ಥಯಾಲ್ ಕೂತ ಮೇಲೆ ಟ್ವೀನನ್ನು ತೊಳೆದು ತೆಗೆಯಿರಿ.

ಸೆಂಟ್ರಿಫ್ಯೂಜಿನಲ್ಲಿ ಒಡೆದರೆ

ಹೊದಿಕೆಯಿಲ್ಲದ ಸಿಟ್ರೇಟ್ ಕಣಗಳನ್ನು ಸೆಂಟ್ರಿಫ್ಯೂಜಿಗೆ ಹಾಕಬೇಡಿ. ಸಿಟ್ರೇಟ್ ಸಡಿಲವಾಗಿ ಕೂತಿರುತ್ತದೆ. ಮೇಲಿನ ನೀರು ತೆಗೆದು ಶುದ್ಧ ನೀರು ಹಾಕಿದರೆ ಅದೂ ಹೊರಟುಹೋಗುತ್ತದೆ, ಎರಡನೇ ಸುತ್ತಿಗೆ ಕಪ್ಪು ಪುಡಿ. ಮಾಡಲೇಬೇಕಾದರೆ 1ರಿಂದ 2 ಮಿಲಿಮೋಲಾರ್ ಸಿಟ್ರೇಟಿನಲ್ಲಿ ಮತ್ತೆ ಹರಡಿ.

ಪೆಗ್ ಹಾಕಿದ ಕಣಗಳಿಗೆ 16,000 ಜಿ ಬೇಕು, ಒಂದರಿಂದ ಒಂದೂವರೆ ಗಂಟೆ. ‘ಜಿ’ ಎಂದರೆ ಗುರುತ್ವದ ಪಟ್ಟು, ಸುತ್ತಿನ ಸಂಖ್ಯೆಯಲ್ಲ. ರೋಟರಿನ ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ನಿಮಿಷದ ಸುತ್ತಿನ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿದರೆ ಅದು ಸಿಗುತ್ತದೆ. 13,000 ಸುತ್ತು 8.4 ಸೆಂ.ಮೀ. ರೋಟರಿನಲ್ಲಿ ಸುಮಾರು 15,900 ಜಿ ಕೊಟ್ಟರೆ, 6 ಸೆಂ.ಮೀ. ರೋಟರಿನಲ್ಲಿ 11,300 ಮಾತ್ರ. ಒಂದು ಲ್ಯಾಬಿನ ವಿಧಾನ ಇನ್ನೊಂದರಲ್ಲಿ ನಡೆಯದಿರಲು ಎಷ್ಟೋ ಸಲ ಇಷ್ಟೇ ಕಾರಣ. ಪೆಗ್ ಬಾಲಗಳು ನೀರನ್ನು ಎಳೆದಾಡುವುದರಿಂದ ಕಣ ಇಳಿಯುವ ವೇಗ ಎರಡೂವರೆ, ಮೂರು ಪಟ್ಟು ಕಡಿಮೆಯಾಗುತ್ತದೆ. ಮೇಲಿನ ನೀರು ಇನ್ನೂ ಗುಲಾಬಿಯಾಗಿದ್ದರೆ ಹೊದಿಕೆ ಕೆಟ್ಟಿದೆಯೆಂದಲ್ಲ, ಸಮಯ ಸಾಲದಾಗಿದೆ. ಸಿಟ್ರೇಟ್ ಕಣಗಳಿಗೆ ಸಾಕಾದ ಅರ್ಧ ಗಂಟೆಯಲ್ಲೇ ಎಲ್ಲ ಇಳಿದುಬಿಟ್ಟರೆ ಅನುಮಾನಪಡಬೇಕಾದ್ದು ಆಗ.

ತಳದಲ್ಲಿ ಕೂತದ್ದನ್ನು ಹತ್ತಿರದಿಂದ ನೋಡಿ. ಚೆನ್ನಾಗಿರುವ ಕಣಗಳು ಕಡುಗೆಂಪು ಜೇನಿನ ಹನಿಯಂತೆ, ಕೊಳವೆ ಓರೆ ಮಾಡಿದರೆ ಜಾರುತ್ತವೆ; ಬೆರಳಿನಿಂದ ಎರಡು ಸಲ ತಟ್ಟಿದರೆ ಹೊಗೆಯಂತೆ ಮೇಲೆದ್ದು ನೀರಿಗೆ ಬೆರೆಯುತ್ತವೆ. ಕೆಟ್ಟವು ಗೋಡೆಗೆ ಕಾಡಿಗೆ ತೀಡಿದಂತೆ ಕಪ್ಪು ಗೀರಾಗಿ ಅಂಟಿರುತ್ತವೆ, ಸೋನಿಕೇಟರಿನಲ್ಲಿಟ್ಟರೂ ಚೂರುಚೂರಾಗಿ ತೇಲುತ್ತವೆಯೇ ಹೊರತು ಬಣ್ಣ ಬಿಡುವುದಿಲ್ಲ. ಎರಡೂ ಒಂದೇ ಕೊಳವೆಯಲ್ಲಿದ್ದರೆ ಹೊದಿಕೆ ಅರೆಬರೆ ಕೂತಿದೆ. ಜಾರುವುದನ್ನು ಪಿಪೆಟಿನಿಂದ ಎತ್ತಿಕೊಳ್ಳಿ, ಗೀರನ್ನು ಬಿಟ್ಟುಬಿಡಿ.

ಮೇಲಿನ ನೀರನ್ನು ಬಗ್ಗಿಸಿ ಚೆಲ್ಲಬೇಡಿ, ಮೆತ್ತನೆಯ ತಳವೂ ಜೊತೆಗೇ ಹೋಗುತ್ತದೆ. 1.5 ಮಿ.ಲೀ. ಕೊಳವೆಯಲ್ಲಿ 50 ಮೈಕ್ರೋಲೀಟರ್ ಉಳಿಸಿ ಉಳಿದದ್ದನ್ನು ಪಿಪೆಟಿನಲ್ಲಿ ತೆಗೆಯಿರಿ. ಒಂದು ಸುತ್ತಿಗೆ 30 ಪಟ್ಟು, ಮೂರು ಸುತ್ತಿಗೆ 27,000 ಪಟ್ಟು ತೊಳೆದಂತಾಯಿತು.

ಕಣ ಸರಿಯಿದ್ದು ಅಳತೆ ತಪ್ಪಿದರೆ

ಡಿಎಲ್‌ಎಸ್ (ಕಣಗಳು ಚದುರಿಸುವ ಬೆಳಕಿನಿಂದ ಗಾತ್ರ ಅಳೆಯುವ ವಿಧಾನ) ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಬ್ಯಾಚುಗಳು ಹೆಚ್ಚಾಗಿ ಕಸದ ಬುಟ್ಟಿಗೆ ಹೋಗುವುದು ಇದರ ಮಾತು ಕೇಳಿ. ಚದುರಿದ ಬೆಳಕಿನ ತೀವ್ರತೆ ವ್ಯಾಸದ ಆರನೇ ಘಾತದಂತೆ ಏರುತ್ತದೆ. 130 ನ್ಯಾನೊಮೀಟರಿನ ಒಂದು ಚಿನ್ನದ ಗುಂಪು 13 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ. ಅಂದರೆ ಹತ್ತು ಲಕ್ಷದಲ್ಲಿ ಒಂದು ಗುಂಪು ಇದ್ದರೂ ಗ್ರಾಫಿನ ಅರ್ಧ ಅದರದೇ. ತೀವ್ರತೆಯ ಗ್ರಾಫಿನಲ್ಲಿ ಎರಡು ಶಿಖರ ಕಂಡರೆ ಮೊದಲು ಯುವಿ-ವಿಸ್ ಅನುಪಾತ ನೋಡಿ. ಅದು 0.1ರಲ್ಲೇ ಇದ್ದರೆ ನಿಮ್ಮ ಕಣಗಳು ಒಡೆದಿಲ್ಲ. ಧೂಳು ಹೋಗಲೆಂದು ನೀರನ್ನೂ ಬಫರನ್ನೂ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಕ್ಯುವೆಟ್ ಜಾಲಿಸಿ, ಮತ್ತೆ ಅಳೆಯಿರಿ. ಚಿನ್ನದ ದ್ರಾವಣವನ್ನೇ ಸೋಸಲು ಹೋಗಬೇಡಿ, ಪೊರೆಗೆ ಕಣ ಅಂಟಿ ಫಿಲ್ಟರ್ ಗುಲಾಬಿಯಾಗುತ್ತದೆ.

ಇನ್ನೊಂದು ಗೊಂದಲ: ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) 13 ಹೇಳುತ್ತದೆ, ಡಿಎಲ್‌ಎಸ್ 35 ಹೇಳುತ್ತದೆ, ಯಾವುದು ಸರಿ? ಎರಡೂ ಸರಿ. ಟಿಇಎಂಗೆ ಕಾಣುವುದು ಚಿನ್ನ ಮಾತ್ರ. ಡಿಎಲ್‌ಎಸ್ ಅಳೆಯುವುದು ಪೆಗ್ ಬಾಲವನ್ನೂ ಅದು ಎಳೆದೊಯ್ಯುವ ನೀರನ್ನೂ ಸೇರಿಸಿ. ಸಿಟ್ರೇಟ್ ಕಣಕ್ಕೆ 16ರಿಂದ 20, ಅದೇ ಕಣಕ್ಕೆ 5,000ದ ಪೆಗ್ ಹಾಕಿದ ಮೇಲೆ 30ರಿಂದ 40 ಬಂದರೆ ಹೊದಿಕೆ ಕೂತಿದೆ ಎನ್ನಲು ಅದೇ ಒಳ್ಳೆಯ ಸಾಕ್ಷಿ. ಹೊದಿಕೆ ಹಾಕಿದ ಮೇಲೂ 18 ಬಂದರೆ ಚಿಂತಿಸಬೇಕು.

ಝೀಟಾ ಪೊಟೆನ್ಶಿಯಲ್ (ಕಣದ ಮೇಲ್ಮೈಯ ವಿದ್ಯುದಂಶ ಎಷ್ಟೆಂದು ಸೂಚಿಸುವ ಅಂಕಿ) ಅನ್ನು ಬರೇ ಶುದ್ಧ ನೀರಿನಲ್ಲಿ ಅಳೆಯಬೇಡಿ. ವಾಹಕತೆ ಸಾಲದೆ ಅಂಕಿ ಅಳತೆಯಿಂದ ಅಳತೆಗೆ ಕುಣಿಯುತ್ತದೆ. 1 ಮಿಲಿಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ, ಪಿಎಚ್ ಬರೆದಿಟ್ಟುಕೊಂಡು ಅಳೆಯಿರಿ. ಸಿಟ್ರೇಟಿಗೆ ಮೈನಸ್ 30ರಿಂದ 45 ಮಿಲಿವೋಲ್ಟ್, ಪೆಗ್ಗಿಗೆ ಮೈನಸ್ 5ರಿಂದ 15. ಪೆಗ್ ಕಣಗಳ ಅಂಕಿ ಸೊನ್ನೆಗೆ ಹತ್ತಿರವಾಯಿತೆಂದು ಹೆದರಬೇಕಿಲ್ಲ, ಅವು ನಿಂತಿರುವುದು ವಿದ್ಯುದಂಶದ ಬಲದಿಂದಲ್ಲ, ಬಾಲಗಳ ಒತ್ತಡದಿಂದ.

ಟಿಇಎಂ ಗ್ರಿಡ್ಡಿನ ಮೇಲೆ ಕಣಗಳು ಗುಂಪಾಗಿ ಕಂಡರೆ ಅದು ಹನಿ ಒಣಗುವಾಗ ಆದ ಗುಂಪಿರಬಹುದು. ಅಂಚು ಒಳಸರಿಯುತ್ತ ಕಣಗಳನ್ನು ಗುಡಿಸಿ ತಂದು ರಾಶಿ ಹಾಕುತ್ತದೆ. ದ್ರಾವಣದಲ್ಲಿ ಗುಂಪಿತ್ತೇ ಎಂಬುದನ್ನು ಹೇಳುವ ಹಕ್ಕು ಟಿಇಎಂಗಿಲ್ಲ, ಯುವಿ-ವಿಸ್‌ಗಿದೆ. ಹನಿಯನ್ನು ಎರಡು ನಿಮಿಷ ಕೂರಿಸಿ ಫಿಲ್ಟರ್ ಕಾಗದದ ಅಂಚಿನಿಂದ ಹೀರಿ ತೆಗೆದರೆ ಈ ತೊಂದರೆ ಕಡಿಮೆ. ಪೆಗ್ ಕಾಣಬೇಕಾದರೆ 2% ಫಾಸ್ಫೋಟಂಗ್‌ಸ್ಟಿಕ್ ಆಮ್ಲದ ಸ್ಟೇನ್ ಬೇಕು. ಕಣದ ಸುತ್ತ ಬೆಳ್ಳಗಿನ ಬಳೆಯಂತೆ ಕಾಣುತ್ತದೆ. ಎಲೆಕ್ಟ್ರಾನ್ ಕಿರಣದ ಕೆಳಗೆ ನೋಡನೋಡುತ್ತ ಜಾಗ ಕಪ್ಪಾಗುತ್ತ ಹೋದರೆ ಹೆಚ್ಚುವರಿ ಪೆಗ್ ತೊಳೆದುಹೋಗಿಲ್ಲ. ಗಾತ್ರ ಹೇಳಬೇಕಾದರೆ 200 ಕಣಗಳನ್ನಾದರೂ, ಬೇರೆಬೇರೆ ಜಾಗಗಳಿಂದ ಎಣಿಸಿ.

ಎಫ್‌ಟಿಐಆರ್‌ನಲ್ಲಿ (ಅವಕೆಂಪು ಸ್ಪೆಕ್ಟ್ರಮ್‌ನಲ್ಲಿ) ಪೆಗ್ಗಿನ ಗುರುತಾದ 1,100ರ ಪಟ್ಟಿ ಕಂಡಿತು, ಆದ್ದರಿಂದ ಹೊದಿಕೆ ಕೂತಿದೆ ಎಂಬ ವಾದವನ್ನು ಒಪ್ಪುವುದು ಕಷ್ಟ. ಪಕ್ಕದಲ್ಲಿ ಸುಮ್ಮನೆ ತೇಲುವ ಪೆಗ್ಗೂ ಅದೇ ಪಟ್ಟಿ ಕೊಡುತ್ತದೆ. ಟಿಜಿಎ (ಬಿಸಿ ಮಾಡುತ್ತ ತೂಕದ ನಷ್ಟ ಅಳೆಯುವ ವಿಧಾನ) ಹೆಚ್ಚು ನಂಬಿಕಸ್ಥ, ಆದರೆ ಅದಕ್ಕೆ ಕೆಲವು ಮಿ.ಗ್ರಾಂ ಒಣ ಪುಡಿ ಬೇಕು; 100 ಮಿ.ಲೀ. ಬ್ಯಾಚಿನಲ್ಲಿರುವ ಒಟ್ಟು ಚಿನ್ನವೇ ಸುಮಾರು 20 ಮಿ.ಗ್ರಾಂ. ಚದರ ನ್ಯಾನೊಮೀಟರಿಗೆ ಒಂದು ಸರಪಳಿ ಕೂತಿದ್ದರೆ ತೂಕದ ನಷ್ಟ 16ರಿಂದ 17% ಬರಬೇಕು. 60% ಬಂದರೆ ನೀವು ಅಳೆದದ್ದು ಹೊದಿಕೆಯನ್ನಲ್ಲ, ತೊಳೆಯದೆ ಉಳಿದ ಪೆಗ್ಗನ್ನು. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ಗುರುತಿಸುವ ವಿಧಾನದಲ್ಲಿ) ಚಿನ್ನದ ರೇಖೆಗಳು 38.2, 44.4, 64.6, 77.5 ಡಿಗ್ರಿಯಲ್ಲಿ, 31.7ರಲ್ಲಿ ಚೂಪಾದ ರೇಖೆ ಇದ್ದರೆ ಅದು ಅಡಿಗೆ ಉಪ್ಪು, ಇನ್ನೊಮ್ಮೆ ತೊಳೆಯಿರಿ.

ಸಿಲಿಕಾ ಮತ್ತು ಬೆಳ್ಳಿ

ಸಿಲಿಕಾ ಹೊದಿಕೆಗೆ ಎಥನಾಲ್ ಬೇಕು, ಸಿಟ್ರೇಟ್ ಕಣ ಎಥನಾಲಿನಲ್ಲಿ ಒಡೆಯುತ್ತದೆ. ನಡುವೆ ಪಿವಿಪಿ (ಪೆಗ್ಗಿನಂಥ ಇನ್ನೊಂದು ಪಾಲಿಮರ್) ಅಥವಾ ಪೆಗ್ ಹಾಕಿ, ತೊಳೆದು, ಆಮೇಲೆ ಎಥನಾಲಿಗೆ ಹೋಗಬೇಕು. ಟಿಇಎಂನಲ್ಲಿ ತಿರುಳಿಲ್ಲದ ಬರೇ ಸಿಲಿಕಾ ಗುಂಡುಗಳು ಕಂಡರೆ ಟಿಇಒಎಸ್ (ಸಿಲಿಕಾ ಹುಟ್ಟುವ ಮೂಲ ಪದಾರ್ಥ) ಹೆಚ್ಚಾಯಿತು ಅಥವಾ ಒಮ್ಮೆಗೇ ಬಿತ್ತು, ಕಂತುಗಳಲ್ಲಿ ಹಾಕಿ. ಒಂದು ಗುಂಡಿನೊಳಗೆ ನಾಲ್ಕೈದು ಚಿನ್ನದ ಕಣಗಳಿದ್ದರೆ ಸಿಲಿಕಾ ಕೂರುವ ಮೊದಲೇ ಅವು ಗುಂಪಾಗಿದ್ದವು. ಸಿಲಿಕಾ ಕೂತಾಗ ಶಿಖರ ಕೆಂಪಿನ ಕಡೆ ಹಲವು ನ್ಯಾನೊಮೀಟರ್ ಸರಿಯುವುದು ಸಹಜ. ತೆಳು ಸಿಲಿಕಾ ಫಾಸ್ಫೇಟ್ ಬಫರಿನಲ್ಲಿ ದಿನಗಳೆದಂತೆ ಕರಗುತ್ತದೆ, ಸಂಗ್ರಹ ಎಥನಾಲಿನಲ್ಲೇ ಇರಲಿ.

ಬೆಳ್ಳಿ ಚಿನ್ನದಷ್ಟು ಸಹನೆಯುಳ್ಳದ್ದಲ್ಲ. 2 ಮಿಲಿಮೋಲಾರ್ ಸೋಡಿಯಂ ಬೋರೋಹೈಡ್ರೈಡ್ 30 ಮಿ.ಲೀ. ಮಂಜುಗಡ್ಡೆಯಲ್ಲಿಟ್ಟು, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 10 ಮಿ.ಲೀ. ಹನಿಹನಿಯಾಗಿ ಹಾಕಿದರೆ ನಿಂಬೆ ಹಳದಿ ಬಣ್ಣ, 400ರ ಹತ್ತಿರ ಶಿಖರ. ಬೂದು ಬಂದರೆ ಬೋರೋಹೈಡ್ರೈಡ್ ಹಳಸಿದೆ; ಅದು ನೀರಿನೊಂದಿಗೆ ತಾನೇ ಕೆಡುತ್ತದೆ, ಕರಗಿಸಿದ ಕೂಡಲೇ ಬಳಸಿ. ಹಾಲಿನಂತೆ ಮಬ್ಬಾದರೆ ಕ್ಲೋರೈಡ್ ಸೇರಿದೆ. ಚಿನ್ನಕ್ಕೆ ಮಾಡುವ ಉಪ್ಪಿನ ಪರೀಕ್ಷೆಯನ್ನು ಬೆಳ್ಳಿಗೆ ಮಾಡುವಾಗ ಸೋಡಿಯಂ ನೈಟ್ರೇಟ್ ಬಳಸಿ, ಇಲ್ಲದಿದ್ದರೆ ಸಿಲ್ವರ್ ಕ್ಲೋರೈಡ್ ಹುಟ್ಟಿ ಫಲಿತಾಂಶ ಓದಲಾಗುವುದಿಲ್ಲ.

ಇಡುವುದು, ಎಸೆಯುವುದು

ಸಿಟ್ರೇಟ್ ಕಣಗಳನ್ನು 4 °ಸೆ.ನಲ್ಲಿ, ಕತ್ತಲಲ್ಲಿ ಇಡಿ. ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಕಣಗಳನ್ನು ಒತ್ತೊತ್ತಾಗಿ ತಳ್ಳಿ ಮತ್ತೆ ಬಿಡಿಸಲಾಗದಂತೆ ಮಾಡುತ್ತವೆ. ಫ್ರಿಜ್ಜಿನ ಹಿಂಗೋಡೆಗೆ ತಾಗಿಸಿ ಇಟ್ಟ ಬಾಟಲಿ ಹೀಗೇ ಹಾಳಾಗುವುದು. ಮೂರು ತಿಂಗಳ ಹಿಂದಿನ ದ್ರಾವಣ ಬಳಸುವ ಮೊದಲು ಕಲಕಿ, ಸ್ಪೆಕ್ಟ್ರಮ್ ತೆಗೆದು, ಮೊದಲ ದಿನದ ಗೆರೆಯ ಮೇಲಿಟ್ಟು ಹೋಲಿಸಿ.

ಚಿನ್ನದ ಲವಣದ ಉಳಿಕೆಯನ್ನು ಅಮೋನಿಯಾ ಇರುವ ಸಿಲಿಕಾ ಉಳಿಕೆಯ ಬಾಟಲಿಗೆ ಯಾವತ್ತೂ ಸುರಿಯಬೇಡಿ. ಕ್ಲೋರೋಆರಿಕ್ ಆಮ್ಲಕ್ಕೆ ಅಮೋನಿಯಾ ಸೇರಿದರೆ ಸ್ಫೋಟಕ ಚಿನ್ನ ಹುಟ್ಟುತ್ತದೆ. ಒಣಗಿದ ಮೇಲೆ ಮುಚ್ಚಳ ತಿರುಗಿಸುವ ಉಜ್ಜಾಟಕ್ಕೂ ಸಿಡಿಯಬಲ್ಲದು. ಎರಡು ಬೇರೆ ಬಾಟಲಿ ಇಟ್ಟು, ಒಂದೊಂದರ ಮೇಲೂ ಒಳಗೇನಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.